ಬೆವೆಲ್-ಅಪ್ ರಂದಾ ಒಂದೇ ಸಾಕು, ಬ್ಲೇಡ್ ಎರಡಿರಲಿ

ಕಲಬುರಗಿ ಕಡೆ ಹೊಸದಾಗಿ ಮರಗೆಲಸಕ್ಕೆ ಇಳಿದವರು ಈಚೆಗೆ ನನ್ನನ್ನು ಜಾಸ್ತಿ ಕೇಳುವುದು ಬೆವೆಲ್-ಅಪ್ ರಂದಾದ ಬಗ್ಗೆ, ಅಂದರೆ ಬ್ಲೇಡಿನ ಮಸೆದ ಇಳಿಜಾರು ಮೇಲ್ಮುಖವಾಗಿ ಕೂರುವ, ಮರ ಸವರುವ ರಂದಾದ ಬಗ್ಗೆ. ತರಿಸಬೇಕಾ, ಬೇಡವಾ? ತರಿಸಿಕೊಂಡವರದ್ದು ಬೇರೆಯೇ ದೂರು: "ಸರ್, ವಿಡಿಯೋದಾಗ ನುಣ್ಣಗ ಬರ್ತದ, ನಮ್ ಬೇವಿನ ಹಲಗಿ ಮ್ಯಾಲ ಎಲ್ಲಾ ಕಿತ್ತು ಬರ್ಲತ್ತದ ನೋಡ್ರಿ."

ರಂದಾ ಕೆಟ್ಟದ್ದೇನಲ್ಲ. ಬ್ಲೇಡಿನ ಕೋನ ಬೇವಿಗೆ ಹೊಂದಿಲ್ಲ, ಅಷ್ಟೇ. ವಿಡಿಯೋ ಮಾಡುವವರ ಮೇಜಿನ ಮೇಲೆ ಇರುವುದು ಹೆಚ್ಚಾಗಿ ಚೆರ್ರಿ, ವಾಲ್‌ನಟ್. ನಮಗೆ ಸಿಗುವುದು ಬೇವು, ಕರಿಜಾಲಿ, ಮಾವು, ಹಳೆ ವಾಡೆ ಕೆಡವಿದಾಗ ಬಂದ ಸಾಗವಾನಿ.

ಲೆಕ್ಕ ಸರಳ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಕಬ್ಬಿಣದ ರಂದಾ ಸ್ಟಾನ್ಲಿ ಕಂಪನಿಯ ನಂಬರ್ 4ರ ತರಹದ್ದು. ಅದರಲ್ಲಿ ಬ್ಲೇಡ್ 45 ಡಿಗ್ರಿ ಹಾಸಿನ ಮೇಲೆ, ಅಂದರೆ ಅದು ಒರಗುವ ಜಾಗದ ಮೇಲೆ, ಕೂರುತ್ತದೆ. ಮಸೆದ ಇಳಿಜಾರು ಕೆಳಗೆ. ಅದನ್ನು 25ಕ್ಕೆ ಮಸೆಯಿರಿ, 30ಕ್ಕೆ ಮಸೆಯಿರಿ, ಮರಕ್ಕೆ ತಾಗುವ ಕೋನ 45 ಆಗಿಯೇ ಉಳಿಯುತ್ತದೆ. ಬೆವೆಲ್-ಅಪ್‌ನಲ್ಲಿ ಹಾಸು ಸಾಮಾನ್ಯವಾಗಿ 12 ಡಿಗ್ರಿ. ಇಳಿಜಾರು ಮೇಲೆ. ಹಾಗಾಗಿ ನೀವು ಮಸೆದ ಕೋನ ಹಾಸಿನ ಕೋನಕ್ಕೆ ಕೂಡಿಕೊಳ್ಳುತ್ತದೆ. 25ಕ್ಕೆ ಮಸೆದರೆ 37. 38ಕ್ಕೆ ಮಸೆದರೆ 50. 50ಕ್ಕೆ ಮಸೆದರೆ 62. ಬ್ಲೇಡ್ ಬದಲಿಸಿದರೆ ರಂದಾನೇ ಬದಲಾದ ಹಾಗೆ. ಈ ಸಾಧನದ ದೊಡ್ಡ ಲಾಭ ಇದೊಂದೇ ಅನ್ನುತ್ತೇನೆ. ಉಳಿದದ್ದೆಲ್ಲ ಸಣ್ಣಪುಟ್ಟ ಅನುಕೂಲ.

ತೊಂದರೆ ಇಲ್ಲೇ ಇದೆ. ಈ ರಂದಾ ಬಹಳ ಸಲ 25 ಡಿಗ್ರಿ ಬ್ಲೇಡಿನ ಜೊತೆ ಬರುತ್ತದೆ. ಅಂದರೆ 37. ಅದು ಹಲಗೆಯ ತಲೆ, ಅಂದರೆ ನಾರು ಅಡ್ಡ ಕತ್ತರಿಸಿದ ತುದಿ ಸವರಲು ಬಹಳ ಚೆನ್ನಾಗಿದೆ. ಸ್ಟಾನ್ಲಿ ಕಂಪನಿ 20ನೇ ಶತಮಾನದ ಆರಂಭದಲ್ಲಿ ನಂಬರ್ 62 ಎಂಬ ಬೆವೆಲ್-ಅಪ್ ರಂದಾ ತಂದಾಗಲೂ ಅದು ಇಂಥ ಅಡ್ಡ ನಾರಿನ ಕೆಲಸದ ರಂದಾ ಎಂದೇ ಹೆಸರಾಯಿತು. ಹಲಗೆಯ ಮುಖಕ್ಕೆ ಅದೇ ಬ್ಲೇಡ್ ಹಾಕಿದರೆ ಏನಾಗುತ್ತದೆ? ನಾರು ಎದುರು ಬಂದ ಕಡೆ ಬ್ಲೇಡ್ ಅದರ ಕೆಳಗೆ ನುಗ್ಗುತ್ತದೆ, ಎತ್ತುತ್ತದೆ. ಕತ್ತರಿಸುವ ಮೊದಲೇ ಮರ ಮುಂದಕ್ಕೆ ಸೀಳುತ್ತದೆ. ಕೋನ ಹೆಚ್ಚಿಸಿದರೆ ಸುರುಳಿ ಥಟ್ಟನೆ ಬಾಗಿ ಅಲ್ಲೇ ಮುರಿಯುತ್ತದೆ. ಸೀಳು ಮುಂದೆ ಓಡುವುದಿಲ್ಲ.

ಬೇವಿನಲ್ಲಿ ಈ ಕಾಟ ಜಾಸ್ತಿ. ನಾರು ಒಂದು ಪಟ್ಟಿಯಲ್ಲಿ ಈ ಕಡೆ, ಪಕ್ಕದ ಪಟ್ಟಿಯಲ್ಲಿ ಆ ಕಡೆ ವಾಲಿರುತ್ತದೆ. ಹಲಗೆ ತಿರುಗಿಸಿ ಹೊಡೆದರೂ ಅರ್ಧ ಭಾಗ ಎದುರೇ. ಇದಕ್ಕೆ ನಾನು 38ರ ಬ್ಲೇಡಿನಿಂದ ಶುರು ಮಾಡುತ್ತೇನೆ. ಆಗಲೂ ಎದ್ದು ಬಂದರೆ 43, ಅಂದರೆ ಒಟ್ಟು 55. ಕರಿಜಾಲಿಗೆ ನೇರ 50ರ ಬ್ಲೇಡ್, ಅಂದರೆ ಒಟ್ಟು 62. ಹಿಂದೆ ಇಲ್ಲಿ ಬಂಡಿ ಗಾಲಿ, ನೇಗಿಲು ಮಾಡಿದ ಮರ ಅದು, ಸುಮ್ನೆ ಬಗ್ಗುವುದಿಲ್ಲ. ಸಾಗವಾನಿ ಬಹಳ ಮಟ್ಟಿಗೆ ನೇರ ನಾರಿನದು. 38ರ ಬ್ಲೇಡಿನಲ್ಲಿ, ಅಂದರೆ ಒಟ್ಟು 50 ಡಿಗ್ರಿಯಲ್ಲಿ, ಖುಷಿಯಾಗಿ ಬರುತ್ತದೆ. ಆದರೆ ಅದರೊಳಗೆ ಸಿಲಿಕಾ ಇದೆ, ಧಾರೆ ಬೇಗ ತಿನ್ನುತ್ತದೆ. ಮಾವಿನಲ್ಲಿ ಗಂಟಿನ ಸುತ್ತ ಮಾತ್ರ ಹುಷಾರು.

ಹಾಗಾದರೆ ಎಲ್ಲದಕ್ಕೂ ಒಟ್ಟು 62 ಡಿಗ್ರಿ ಇಟ್ಟುಬಿಡೋಣ ಅಂತ ಅನಿಸುತ್ತದೆ, ಅಲ್ವಾ? ಬೇಡ. ಕೋನ ಏರಿದಷ್ಟೂ ತಳ್ಳುವುದು ಕಷ್ಟ, ಧಾರೆ ಬೇಗ ಹೋಗುತ್ತದೆ. ಅಷ್ಟು ನೆಟ್ಟಗಿನ ಧಾರೆ ಮರವನ್ನು ಕತ್ತರಿಸುವುದಕ್ಕಿಂತ ಹೆಚ್ಚು ಕೆರೆಯುತ್ತದೆ. ಮೆತ್ತಗಿನ ಮರದಲ್ಲಿ ಹೊಳಪು ಸತ್ತುಹೋಗುತ್ತದೆ. ಮರ ಕಿತ್ತು ಬರದಿರಲು ಎಷ್ಟು ಬೇಕೋ ಅಷ್ಟೇ ಕೋನ ಕೊಡಿ.

ಪೂರ್ತಿ ಇಳಿಜಾರನ್ನು 50ಕ್ಕೆ ಉಜ್ಜುತ್ತಾ ಕೂರಬೇಕಿಲ್ಲ. 25 ಹಾಗೇ ಇರಲಿ. ಮಸೆಯುವಾಗ ಬ್ಲೇಡನ್ನು ಒಂದೇ ಕೋನದಲ್ಲಿ ಹಿಡಿಯುವ ಹೋನಿಂಗ್ ಗೈಡ್‌ಗೆ ಸಿಕ್ಕಿಸಿ ತುದಿಯಲ್ಲಿ ಮಾತ್ರ 38 ಅಥವಾ 43ರ ಸಣ್ಣ ಪಟ್ಟಿ ಮಸೆಯಿರಿ. ಐದಾರು ನಿಮಿಷದ ಕೆಲಸ. ಆದರೆ ಅಲ್ಲಿಂದ ಮತ್ತೆ 25ಕ್ಕೆ ಬರಬೇಕಾದರೆ ತುಂಬಾ ಉಕ್ಕು ಉಜ್ಜಿ ತೆಗೆಯಬೇಕು. ಅದಕ್ಕೇ ಬ್ಲೇಡ್ ಎರಡಿರಲಿ ಅನ್ನುವುದು. ಒಂದು 25ರಲ್ಲೇ ಇರಲಿ, ಹಲಗೆಯ ತಲೆಗೆ. ಇನ್ನೊಂದು ಮುಖಕ್ಕೆ. ದುಡ್ಡಿದ್ದರೆ ಮೂರನೆಯದು ಜಾಲಿಗೆ. ಎರಡನೇ ರಂದಾಕ್ಕೆ ಹಾಕುವ ದುಡ್ಡನ್ನು ಬ್ಲೇಡಿಗೆ ಹಾಕಿ.

ಇನ್ನೊಂದು ವಿಷಯ, ಇದನ್ನು ಹೇಳುವವರು ಕಡಿಮೆ. ಸವರುವ ರಂದಾದ ಬ್ಲೇಡಿನ ಧಾರೆ ನಡುವೆ ಕೊಂಚ ಉಬ್ಬಿರಬೇಕು. ಇಲ್ಲವಾದರೆ ಮೂಲೆಗಳು ಹಲಗೆಯ ಮೇಲೆ ಗೆರೆ ಎಳೆಯುತ್ತವೆ. ತಳದಲ್ಲಿ ಮೂಲೆಗಳು 0.05 ಮಿ.ಮೀ. ಒಳಗೆ ಸರಿಯಬೇಕು ಅಂದುಕೊಳ್ಳಿ. 45 ಡಿಗ್ರಿ ಹಾಸಿನಲ್ಲಿ ಅದಕ್ಕೆ ಬ್ಲೇಡಿನ ಮೂಲೆಯನ್ನು 0.07 ಮಿ.ಮೀ. ಉಜ್ಜಿದರೆ ಸಾಕು. 12 ಡಿಗ್ರಿಯಲ್ಲಿ ಬ್ಲೇಡ್ ಹೆಚ್ಚುಕಡಿಮೆ ಮಲಗಿರುತ್ತದೆ, ಹಾಗಾಗಿ 0.24 ಮಿ.ಮೀ. ಬೇಕು. ಮೂರು ಪಟ್ಟಿಗಿಂತ ಜಾಸ್ತಿ. ನಂಬರ್ 4ಕ್ಕೆ ಒತ್ತುವಷ್ಟೇ ಮೂಲೆ ಒತ್ತಿ, ಬೆವೆಲ್-ಅಪ್ ಗೆರೆ ಬಿಡುತ್ತದೆ ಎಂದು ಬೈಯುವವರಿದ್ದಾರೆ. ಗೈಡ್‌ನಲ್ಲಿ ಒಂದೊಂದು ಮೂಲೆಗೂ ಬೆರಳ ಭಾರ ಹಾಕಿ ಹತ್ತು ಹತ್ತು ಎಳೆತ ಎಳೆಯಿರಿ, ತಳದಿಂದ ನೋಡಿ, ಮತ್ತೆ ಎಳೆಯಿರಿ. ಆ ಸಣ್ಣ ಪಟ್ಟಿಯಲ್ಲಿ ಉಜ್ಜುವ ಉಕ್ಕು ಕಡಿಮೆ, ಆದ್ದರಿಂದ ಇದು ಅಂಥ ಕಷ್ಟವೇನಲ್ಲ.

ಮಸೆಯುವಾಗಲೂ ಇದಕ್ಕೆ ತಾಳ್ಮೆ ಬೇಕು. ಸಾಮಾನ್ಯ ರಂದಾದಲ್ಲಿ 30ಕ್ಕೆ ಮಸೆದ ಧಾರೆಯ ಹಿಂದೆ 15 ಡಿಗ್ರಿ ಜಾಗ ಇರುತ್ತದೆ. ಇಲ್ಲಿ ಇರುವುದು 12 ಮಾತ್ರ, ಮರಕ್ಕೆ ಉಜ್ಜುವುದು ಬ್ಲೇಡಿನ ಚಪ್ಪಟೆ ಬೆನ್ನು. ಅಲ್ಲಿ ಸವೆತ ಕೂರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬೆನ್ನು ಉಜ್ಜಿದರೆ ಅದು ಹೋಗುವುದಿಲ್ಲ. ಇಳಿಜಾರಿನ ಕಡೆಯಿಂದಲೇ, ಅಂಚು ಮಡಚಿದ್ದು ಬೆರಳಿಗೆ ಉದ್ದಕ್ಕೂ ಸಿಕ್ಕ ಮೇಲೂ ಇನ್ನಷ್ಟು ಮಸೆಯಬೇಕು. ಮಸೆದ ಮರುಕ್ಷಣವೇ ಮೊಂಡು ಅನಿಸಿದರೆ ಕಾರಣ ಬಹುಪಾಲು ಇದೇ.

ಕೊಳ್ಳಬೇಕಾ ಅನ್ನುವುದಕ್ಕೆ ಈಗ ಬರುತ್ತೇನೆ. ಮನೆಗೆ ಒಂದು ಮಂಚ, ಎರಡು ಸ್ಟೂಲ್ ಮಾಡುವವರಾದರೆ ಬೇಡ. ನಂಬರ್ 4 ಮಾದರಿಯ ದೇಶೀ ರಂದಾ ತಗೊಳ್ಳಿ. ಅದರ ಬ್ಲೇಡಿನ ಮೇಲೆ ಕೂತು ಸುರುಳಿಯನ್ನು ಬಾಗಿಸಿ ಮುರಿಯುವ ಚಿಪ್‌ಬ್ರೇಕರ್‌ನ ಅಂಚು ಚೊಕ್ಕ ಮಾಡಿ, ಧಾರೆಯಿಂದ 0.2 ಮಿ.ಮೀ. ದೂರಕ್ಕೆ ತನ್ನಿ. ಬೇವು ಅದರಲ್ಲೂ ಕಿತ್ತು ಬರುವುದಿಲ್ಲ. ಬೆವೆಲ್-ಅಪ್‌ನಲ್ಲಿ ಚಿಪ್‌ಬ್ರೇಕರ್ ಇಲ್ಲವೇ ಇಲ್ಲ, ಆ ಕೆಲಸವನ್ನು ಕೋನ ಮಾಡುತ್ತದೆ. ಆದರೆ ಆ 0.2 ಹೊಂದಿಸುವುದು ಕೈಗೆ ಕೂರಲು ತಿಂಗಳುಗಳು ಬೇಕು. ಬ್ಲೇಡ್ ಬದಲಿಸುವುದು ಯಾರಿಗಾದರೂ ಬರುತ್ತದೆ. ದಿನಕ್ಕೊಂದು ಜಾತಿಯ ಮರ ಮುಟ್ಟುವವರಿಗೆ ಬೆವೆಲ್-ಅಪ್ ಬೆಲೆಗೆ ತಕ್ಕದ್ದು.

ಕೊಳ್ಳುವಾಗ ತಳದಲ್ಲಿ ಬ್ಲೇಡಿನ ಮುಂದಿನ ಬಾಯಿ ಹಿಂದೆ ಮುಂದೆ ಸರಿಯುತ್ತದಾ ನೋಡಿ. ಕೊನೆಯ ಸವರುವಿಕೆಗೆ ಅದು ಕೂದಲೆಳೆಯಷ್ಟೇ ತೆರೆದಿರಬೇಕು. ಬ್ಲೇಡ್ ದಪ್ಪ ಇರಲಿ. ಮಾಮೂಲಿ ಬ್ಲೇಡ್ ಸುಮಾರು 2 ಮಿ.ಮೀ., ಕೆನಡಾದ ವೆರಿಟಾಸ್‌ನದ್ದು ಸುಮಾರು 5. ವೆರಿಟಾಸ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಅವರ ಬೆವೆಲ್-ಅಪ್ ಸ್ಮೂದರ್, ಜಾಯಿಂಟರ್, ಲೋ-ಆಂಗಲ್ ಜ್ಯಾಕ್ ಎಂಬ ಮೂರು ರಂದಾಗಳಿಗೂ ಒಂದೇ ಅಳತೆಯ ಬ್ಲೇಡ್. ಹೆಚ್ಚುವರಿ ಬ್ಲೇಡನ್ನು ರಂದಾದ ಜೊತೆಗೇ ತರಿಸಿ. ಆಮೇಲೆ ಕಲಬುರಗಿಯಲ್ಲೋ ಬೀದರ್‌ನಲ್ಲೋ ಹುಡುಕಿದರೆ ಸಿಗುವುದಿಲ್ಲ. ನಂಬರ್ 4ರ ಬ್ಲೇಡ್ ಇದಕ್ಕೆ ಕೂರುವುದಿಲ್ಲ.

ಹವಾಮಾನದ ಮಾತು ಬೇಗ ಮುಗಿಸುತ್ತೇನೆ. ಮರದ ರಂದಾದ ತಳ ನಮ್ಮ 40 ದಾಟುವ ಬೇಸಿಗೆಯಲ್ಲಿ ಒಂದು ಕಡೆ ಬಾಗುತ್ತದೆ, ಮಳೆಗಾಲದಲ್ಲಿ ಇನ್ನೊಂದು ಕಡೆ. ಕಬ್ಬಿಣಕ್ಕೆ ಆ ಗೋಳಿಲ್ಲ, ಆದರೆ ಆಷಾಢದಲ್ಲಿ ಬೆವರಿನ ಕೈ ತಾಗಿದಲ್ಲಿ ಮರುದಿನವೇ ತುಕ್ಕು. ಹೊಲಿಗೆ ಯಂತ್ರದ ಎಣ್ಣೆ ಸವರಿಡಿ. ಕೆಲಸದ ನಡುವೆ ತಳಕ್ಕೆ ಮೇಣದ ಬತ್ತಿ ಎರಡು ಗೆರೆ ಉಜ್ಜಿ, 62 ಡಿಗ್ರಿಯಲ್ಲೂ ತೋಳು ಉಳಿಯುತ್ತದೆ.

ವಾಡೆಯ ಹಳೆ ಸಾಗವಾನಿಯ ಮೇಲೆ ಮಾತ್ರ ಇದನ್ನು ಮೊದಲೇ ಇಡಬೇಡಿ. ತೊಲೆಗಳಲ್ಲಿ ಮುರಿದ ಮೊಳೆ, ಗೋಡೆಯ ಗಾರೆ, ಮಣ್ಣು ಹೂತಿರುತ್ತದೆ. ತಂತಿ ಬ್ರಷ್‌ನಿಂದ ತಿಕ್ಕಿ, ಸ್ಪೀಕರ್‌ನಿಂದ ಕಿತ್ತ ಮ್ಯಾಗ್ನೆಟ್ ಒಂದನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ಆಡಿಸಿ. ಅದು ಎಲ್ಲಿ ವಾಲುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಮೊಳೆ ಕೀಳಿ. ಮೊದಲ ಎರಡು ಪದರ ಹಳೆ ರಂದಾದಿಂದ ತೆಗೆಯಿರಿ, ಬಣ್ಣ ತಿಳಿಯಾದ ಮೇಲೆ 38ರ ಬ್ಲೇಡ್ ಹಾಕಿದ ಬೆವೆಲ್-ಅಪ್ ಎತ್ತಿಕೊಳ್ಳಿ.