ಶನಿವಾರ ರಾತ್ರಿಯ ಪ್ಲೇಟ್‌ಲೆಟ್

ನಮ್ಮ ರಕ್ತ ಕೇಂದ್ರದ ಒಳಕೋಣೆಯಲ್ಲಿ ಒಂದು ಯಂತ್ರ ಹಗಲೂ ರಾತ್ರಿ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಅದರ ತಟ್ಟೆಗಳ ಮೇಲೆ ತಿಳಿಹಳದಿ ಬಣ್ಣದ ಪ್ಲೇಟ್‌ಲೆಟ್ ಚೀಲಗಳು ಮಲಗಿರುತ್ತವೆ. ಪ್ಲೇಟ್‌ಲೆಟ್ ಎಂದರೆ ರಕ್ತ ಸೋರದಂತೆ ತಡೆಯುವ ಪುಟ್ಟ ಕಣ. ಕೆಂಪು ರಕ್ತಕಣ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇರುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದರೆ ಒಂದು ವರ್ಷ ಕೆಡುವುದಿಲ್ಲ. ಪ್ಲೇಟ್‌ಲೆಟ್‌ಗೆ ಮಾತ್ರ ಚಳಿ ಆಗಿಬರುವುದಿಲ್ಲ. ಅದನ್ನು 20ರಿಂದ 24 ಡಿಗ್ರಿಯಲ್ಲಿ, ಬಿಡದೆ ತೂಗುತ್ತಲೇ ಇಡಬೇಕು. ಇಷ್ಟೆಲ್ಲ ಮಾಡಿದರೂ ಅದರ ಆಯುಸ್ಸು ಐದೇ ದಿನ.

ಬೆಳಿಗ್ಗೆ ಹೋದ ಕೂಡಲೇ ನಾನು ಒಂದೊಂದೇ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಓಲಾಡಿಸಿ ನೋಡುತ್ತೇನೆ. ಕಣಗಳು ಚೆನ್ನಾಗಿದ್ದರೆ ಒಳಗೆ ರೇಷ್ಮೆ ಸೀರೆಯ ಸೆರಗು ಬೆಳಕಿಗೆ ಮಿಂಚಿದಂತೆ ಒಂದು ಹೊಳಪು ಸುಳಿಯುತ್ತದೆ. ಇಷ್ಟು ವರ್ಷವಾದರೂ ಅದನ್ನು ನೋಡುವ ಖುಷಿ ಕಡಿಮೆಯಾಗಿಲ್ಲ. ಆದ್ದರಿಂದಲೇ, ಹಾಗೆ ಮಿಂಚುತ್ತಿದ್ದ ಚೀಲಗಳನ್ನು ಶುಕ್ರವಾರ ರಾತ್ರಿ ಅವಧಿ ಮುಗಿಯಿತೆಂದು ವಿಲೇವಾರಿಗೆ ಕಳಿಸುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೀಗೇಕಾಗುತ್ತದೆ ಎಂದರೆ, ನಮ್ಮಲ್ಲಿ ರಕ್ತದಾನ ಹಬ್ಬದಂತೆ ನಡೆಯುತ್ತದೆ. ನಾಯಕರ ಹುಟ್ಟುಹಬ್ಬ, ಜಯಂತಿ, ಆಗಸ್ಟ್ 15, ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಬಂದರೆ ಶಾಮಿಯಾನ ಹಾಕಿ, ಮೈಕ್ ಕಟ್ಟಿ, ಒಂದೇ ದಿನ ಮುನ್ನೂರು ಜನ ಕೊಡುತ್ತಾರೆ. ಭಾನುವಾರ ಸಂಗ್ರಹಿಸಿದ್ದನ್ನು ಅಂದೇ ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಯುವವರೆಗೆ ಒಂದು ಚೀಲವನ್ನೂ ಹೊರಗೆ ಕೊಡುವಂತಿಲ್ಲ. ಅಷ್ಟರಲ್ಲಿ ಐದು ದಿನದಲ್ಲಿ ಒಂದು ದಿನ ಹೋಯಿತು. ಉಳಿದ ನಾಲ್ಕು ದಿನದಲ್ಲಿ ಇಡೀ ಜಿಲ್ಲೆಗೆ ಎಷ್ಟು ಬೇಕೋ ಅಷ್ಟೇ ಖರ್ಚಾಗುತ್ತದೆ. ಶುಕ್ರವಾರ ಮಿಕ್ಕಿದ್ದು ವ್ಯರ್ಥ. ಶನಿವಾರ ರಾತ್ರಿ ಫೋನ್ ಬಂದಾಗ ತಟ್ಟೆ ಖಾಲಿ.

ಕ್ಯಾಂಪ್ ಮಾಡುವವರ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಮುನ್ನೂರು ಜನರ ಪಟ್ಟಿಯನ್ನು ನಮಗೆ ಕೊಡಿ, ಅವರನ್ನು ಮೂರು ತಿಂಗಳಿಗೆ ಹಂಚಿಕೊಳ್ಳೋಣ. ವಾರಕ್ಕೆ ಇಪ್ಪತ್ತೈದು ಜನ ಬಂದರೆ ಸಾಕು. ಅದೇ ಜನ, ಅಷ್ಟೇ ರಕ್ತ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳು ಪರೀಕ್ಷೆ, ರಜೆ ಎಂದು ಮುಚ್ಚಿರುತ್ತವೆ. ಆಗ ನಾವು ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಯುವ ಪರಿಸ್ಥಿತಿ.

ಹಳ್ಳಿ ಕ್ಯಾಂಪಿನಲ್ಲಿ ಇನ್ನೊಂದು ತೊಡಕಿದೆ. ಪ್ಲೇಟ್‌ಲೆಟ್ ತೆಗೆಯಬೇಕಾದರೆ ರಕ್ತ ಸಂಗ್ರಹಿಸಿದ ಸುಮಾರು ಆರು ಗಂಟೆಯೊಳಗೆ ನಮ್ಮ ಕೇಂದ್ರ ಮುಟ್ಟಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಜನ ಸಾಲುಗಟ್ಟಿ ನಿಂತಿರುತ್ತಾರೆ, ಉದ್ಘಾಟನೆಗೆ ಬರಬೇಕಾದ ಅತಿಥಿಗಳು ಹನ್ನೊಂದೂವರೆಗೆ ಬರುತ್ತಾರೆ, ಸಂಜೆ ಸನ್ಮಾನ ಮುಗಿಯುವವರೆಗೆ ವ್ಯಾನ್ ಹೊರಡುವಂತಿಲ್ಲ. ಆ ದಿನದ ಎಷ್ಟೋ ಚೀಲಗಳಿಂದ ಕೆಂಪು ರಕ್ತಕಣ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಅತಿಥಿಗಳು ಬರಲಿ, ಭಾಷಣವೂ ಆಗಲಿ. ಮೊದಲ ಟ್ರಿಪ್ಪಿನ ಚೀಲಗಳನ್ನು ಮಾತ್ರ ಮಧ್ಯಾಹ್ನಕ್ಕೆ ಮುಂಚೆ ಕಳಿಸಿಬಿಡಿ.

‘ಒಂದು ಬಾಟ್ಲಿ ರಕ್ತ’ ಎನ್ನುವ ಮಾತು ಇನ್ನೂ ಜನರ ಬಾಯಲ್ಲಿದೆ. ಬಾಟಲಿ ಹೋಗಿ ಚೀಲ ಬಂದು ಎಷ್ಟೋ ಕಾಲವಾಯಿತು. ಆ ಚೀಲವೂ ಈಗ ಇಡಿಯಾಗಿ ಒಬ್ಬರಿಗೆ ಹೋಗುವುದು ಅಪರೂಪ. ಕೆಂಪು ರಕ್ತಕಣ ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ ಕಾಯಿಲೆ ಇರುವ ಮಗುವಿಗೆ ಹೋಗುತ್ತದೆ. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬದುಕಿರುವವರೆಗೆ ರಕ್ತ ಬೇಕು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದ ತಾಯಿಗೆ ಕೆಂಪು ಕಣದ ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ಲಾಸ್ಮಾವನ್ನೂ ಕೊಡಬೇಕಾಗುತ್ತದೆ. ಮಿಕ್ಕ ಪ್ಲಾಸ್ಮಾ ಔಷಧ ತಯಾರಿಕೆಗೆ ಹೋಗುತ್ತದೆ. ಅದರಿಂದ ಆಲ್ಬುಮಿನ್, ಇಮ್ಯುನೊಗ್ಲೊಬುಲಿನ್, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳಿಗೆ ಬೇಕಾದ ಫ್ಯಾಕ್ಟರ್ 8 ತೆಗೆಯುತ್ತಾರೆ.

ಮಳೆಗಾಲ ಬಂತೆಂದರೆ ‘ಮೇಡಂ, ಬಿಳಿ ರಕ್ತಕಣ ಕಮ್ಮಿ ಆಗೈತಂತೆ, ಕೊಡ್ರೀ’ ಎಂದು ಡೆಂಗಿ ರೋಗಿಗಳ ಮನೆಯವರು ಓಡಿ ಬರುತ್ತಾರೆ. ಡೆಂಗಿಯಲ್ಲಿ ಬಿಳಿ ರಕ್ತಕಣವೂ ಇಳಿಯುತ್ತದೆ ನಿಜ, ಆದರೆ ಅವರು ಹೇಳುತ್ತಿರುವುದು ಪ್ಲೇಟ್‌ಲೆಟ್ ಬಗ್ಗೆ. ಅದು ಬೇರೆ ಕಣ, ಗಾಯದ ಬಾಯಿ ಮುಚ್ಚುವ ಕೆಲಸ ಅದರದು. ಲೆಕ್ಕ 40,000ಕ್ಕೆ ಇಳಿಯಿತು ಎಂದ ಮಾತ್ರಕ್ಕೆ ಪ್ಲೇಟ್‌ಲೆಟ್ ಏರಿಸಬೇಕಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋದಾಗಲೇ ಆ ಯೋಚನೆ. ಡೆಂಗಿಯಲ್ಲಿ ನಿಜವಾಗಿ ಹೆದರಬೇಕಾದದ್ದು ರಕ್ತನಾಳದಿಂದ ಪ್ಲಾಸ್ಮಾ ಸೋರುವುದಕ್ಕೆ. ಅದೂ ಜ್ವರ ಬಿಟ್ಟ ಮೇಲಿನ ಒಂದೆರಡು ದಿನದಲ್ಲಿ, ಮನೆಯವರೆಲ್ಲ ‘ಹುಷಾರಾದ’ ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ. ಅಗತ್ಯವಿಲ್ಲದವರಿಗೆ ಹೋದ ಒಂದೊಂದು ಚೀಲವೂ ಕೀಮೋಥೆರಪಿ ತೆಗೆದುಕೊಳ್ಳುತ್ತಿರುವ ಇನ್ಯಾರದೋ ಪಾಲಿನದು.

ದೊಡ್ಡವರಿಗೆ ಒಂದು ಸಲಕ್ಕೆ, ಒಬ್ಬೊಬ್ಬ ದಾನಿಯ ರಕ್ತದಿಂದ ಬೇರ್ಪಡಿಸಿದ ಸಾಮಾನ್ಯ ಪ್ಲೇಟ್‌ಲೆಟ್ ಚೀಲಗಳಾದರೆ ನಾಲ್ಕರಿಂದ ಆರು ಬೇಕು. ಯಂತ್ರದ ಮೂಲಕ ಒಬ್ಬರೇ ದಾನಿಯಿಂದ ಅಷ್ಟನ್ನೂ ಪಡೆಯಬಹುದು. ರಕ್ತ ಯಂತ್ರಕ್ಕೆ ಹೋಗಿ, ಪ್ಲೇಟ್‌ಲೆಟ್ ಮಾತ್ರ ಅಲ್ಲಿ ಉಳಿದು, ಮಿಕ್ಕದ್ದು ದಾನಿಯ ಮೈಗೇ ವಾಪಸು ಬರುತ್ತದೆ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ನಡುವೆ ತುಟಿಯ ಸುತ್ತ ಜುಮ್ ಎನ್ನಬಹುದು. ರಕ್ತ ಹೆಪ್ಪುಗಟ್ಟದಂತೆ ಹಾಕುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಅನ್ನು ಸ್ವಲ್ಪ ಹೊತ್ತು ಹಿಡಿದಿಡುವುದರಿಂದ ಹಾಗಾಗುತ್ತದೆ. ಹೇಳಿದರೆ ವೇಗ ಕಡಿಮೆ ಮಾಡಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತೇವೆ. ಇದಕ್ಕೆ ಬರುವವರು ಮೂರು ದಿನ ಮುಂಚಿನಿಂದ ಆಸ್ಪಿರಿನ್ ತೆಗೆದುಕೊಂಡಿರಬಾರದು. 48 ಗಂಟೆ ಬಿಟ್ಟು ಮತ್ತೆ ಕೊಡಲು ನಿಯಮದಲ್ಲಿ ಅವಕಾಶವಿದೆ, ವರ್ಷಕ್ಕೆ 24 ಸಲದವರೆಗೆ.

ನನ್ನ ಎದುರು ಅತಿ ಹೆಚ್ಚು ಸಲ ನಡೆದಿರುವ ವಾದ ಒಂದಿದೆ. ‘ಬೇರೆಯವ್ರದ್ದು ಬ್ಯಾಡ್ರೀ ಮೇಡಂ, ನಮ್ಮಪ್ಪಗೆ ನನ್ ರಕ್ತಾನೇ ಹಾಕ್ರಿ’ ಎಂದು ಮಗ ತೋಳು ಮಡಿಸಿ ನಿಲ್ಲುತ್ತಾನೆ. ‘ಕೂತ್ಕೋ ತಮ್ಮಾ’ ಎಂದು ಕೂರಿಸಿ ಹೇಳುತ್ತೇನೆ. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿಕಣಗಳನ್ನು ರೋಗಿಯ ಮೈ ಪರಕೀಯವೆಂದು ಗುರುತಿಸದೆ ಬಿಟ್ಟುಬಿಡಬಹುದು. ಆಗ ಆ ಕಣಗಳೇ ರೋಗಿಯ ಮೇಲೆ ತಿರುಗಿ ಬೀಳುವ ಅಪಾಯವಿದೆ. ತೀರಾ ಅಪರೂಪ, ಬಂದರೆ ಉಳಿಯುವುದು ಕಷ್ಟ. ವಿಕಿರಣ ಹಾಯಿಸಿದ ರಕ್ತ ಕೊಟ್ಟು ಅದನ್ನು ತಪ್ಪಿಸಬಹುದಾದರೂ ಆ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ. ‘ನೀನು ಕೊಡು, ಅದು ಬೇರೆ ಯಾರದೋ ಅಪ್ಪನಿಗೆ ಹೋಗಲಿ. ನಿಮ್ಮಪ್ಪನಿಗೆ ಬೇರೆಯವರ ಮಗ ಕೊಟ್ಟದ್ದು ಫ್ರಿಜ್ಜಿನಲ್ಲಿ ಸಿದ್ಧವಾಗಿದೆ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ರಕ್ತ ಕೊಡಲು ಬೇಕಾದ ಅರ್ಹತೆ ದೊಡ್ಡದೇನಲ್ಲ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಕೊಡಬೇಕೆಂದು ಆಸೆಯಿಂದ ಬಂದ ಹುಡುಗಿಯರನ್ನು ಹಿಮೋಗ್ಲೋಬಿನ್ ಸಾಲದೆ ವಾಪಸು ಕಳಿಸುವುದು ನನಗೆ ಬಹಳ ಬೇಸರದ ಕೆಲಸ. ಅವರಿಗೆ ನಾನು ಹೇಳುವುದು, ಇವತ್ತು ನೀವು ಕೊಡಲಿಲ್ಲ, ಆದರೆ ನಿಮ್ಮ ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ತಿಳಿಯಿತು. ನೇರವಾಗಿ ವೈದ್ಯರ ಹತ್ತಿರ ಹೋಗಿ ಎಂದು. ಇನ್ನು ನೆಗೆಟಿವ್ ಗುಂಪಿನವರು ಕ್ಯಾಂಪಿನಲ್ಲಿ ಕೊಡಲು ಅವಸರ ಮಾಡಬೇಡಿ. ಹೆಸರು, ಫೋನ್ ನಂಬರ್ ಬರೆಸಿ ಹೋಗಿ. ನಮ್ಮಲ್ಲಿ ನಿಮ್ಮಂಥವರು ಕಡಿಮೆ, ಬೇಕಾದಾಗ ನಾವೇ ಕರೆಯುತ್ತೇವೆ.

ನಮ್ಮಲ್ಲಿಗೆ ಒಬ್ಬರು ಕ್ಷೌರಿಕರು ಬರುತ್ತಾರೆ. ಮಂಗಳವಾರ ಅವರ ಅಂಗಡಿಗೆ ರಜೆ. ಮೂರು ತಿಂಗಳು ತುಂಬಿದ ಮೇಲಿನ ಮೊದಲ ಮಂಗಳವಾರ, ಹತ್ತು ಗಂಟೆಗೆ, ತಿಂಡಿ ತಿಂದುಕೊಂಡು ಬಂದು ಮಲಗುತ್ತಾರೆ. ಫೋಟೊ ಇಲ್ಲ, ಹಾರ ಇಲ್ಲ. ಹೋದ ವರ್ಷ ಮಳೆಗಾಲದಲ್ಲಿ ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಮಕ್ಕಳ ವಾರ್ಡಿನಿಂದ ಫೋನ್ ಬಂತು. ನಂಜೇರಿದ ನಾಲ್ಕು ದಿನದ ಕೂಸು, ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿದೆ, ಮೂಗಿನಲ್ಲಿ ರಕ್ತ. ಹಿಂದಿನ ಭಾನುವಾರದ ದೊಡ್ಡ ಕ್ಯಾಂಪಿನ ಚೀಲಗಳೆಲ್ಲ ಅವಧಿ ಮುಗಿದು ಹೋಗಿದ್ದವು. ತಟ್ಟೆಯ ಮೇಲೆ ಆ ಗುಂಪಿನ ಒಂದೇ ಚೀಲವಿತ್ತು, ಐವತ್ತು ಮಿಲಿಲೀಟರ್ ಚಿಲ್ಲರೆ. ಅಷ್ಟು ಚಿಕ್ಕ ಕೂಸಿಗೆ ಒಂದೇ ಸಾಕು. ಬೆಳಕಿಗೆ ಹಿಡಿದು ಓಲಾಡಿಸಿದೆ, ಮಿಂಚಿತು. ಲೇಬಲ್ ಮೇಲೆ ಮಂಗಳವಾರದ ದಿನಾಂಕ.

ಮೂರು ತಿಂಗಳ ನಂತರ ಅವರು ಮತ್ತೆ ಬಂದಾಗ, ಚೀಲ ಯಾರಿಗೆ ಹೋಯಿತೆಂದು ಹೇಳುವಂತಿರಲಿಲ್ಲ. ‘ಆರಾಮಿದೀರಾ?’ ಎಂದೆ. ‘ಆರಾಮ್ರೀ ಮೇಡಂ. ಬೇಗ ತಗೊಳ್ರಿ, ಮಗಳ ಸ್ಕೂಲ್ ಫೀಸ್ ಕಟ್ಟಕ್ಕೆ ಹೋಗ್ಬೇಕು’ ಎಂದು ತೋಳು ಚಾಚಿದರು.