ತೈ ಚಿ ಕಲಿತವರು ನಿಜವಾದ ಹೊಡೆದಾಟದಲ್ಲಿ ನಿಲ್ಲಬಲ್ಲರಾ?

ಪ್ರಶ್ನೆ: ಒಂದು ವರ್ಷದಿಂದ ಪಾರ್ಕಿನಲ್ಲಿ ತೈ ಚಿ ಮಾಡುತ್ತಿದ್ದೇನೆ. ಮೂಲದಲ್ಲಿ ಇದು ಚೀನಾದ ಹೊಡೆದಾಟದ ಕಲೆ ಅಂತಾರೆ. ಯಾರಾದರೂ ಮೈಮೇಲೆ ಏರಿ ಬಂದರೆ ಉಪಯೋಗಕ್ಕೆ ಬರುತ್ತಾ?

ನೀವು ಕಲಿತಿರುವುದು ನಿಧಾನವಾಗಿ ಮಾಡುವ ಆ ಚಲನೆಗಳ ಸರಣಿ ಮಾತ್ರ ಆಗಿದ್ದರೆ, ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಸುಳ್ಳು ಧೈರ್ಯ ತುಂಬುವುದು ಸುಲಭ, ಆದರೆ ನಾಳೆ ಪೆಟ್ಟು ತಿನ್ನುವವರು ನೀವು.

2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ಪಂದ್ಯದ ವಿಡಿಯೋ ನೀವೂ ನೋಡಿರಬಹುದು. ಒಂದು ಕಡೆ ತೈ ಚಿ ಗುರು ವೇ ಲೇ, ಇನ್ನೊಂದು ಕಡೆ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾಳಗ) ಆಟಗಾರ ಶು ಶಿಯಾವ್‌ಡಾಂಗ್. ಗುರು ಕೈ ಮುಂದೆ ಚಾಚಿ ನಿಂತರು. ಶು ಗುದ್ದುತ್ತಾ ನುಗ್ಗಿದರು. ಅರ್ಧ ನಿಮಿಷದೊಳಗೆ ಗುರು ನೆಲದ ಮೇಲಿದ್ದರು. 2020ರಲ್ಲಿ ಮಾ ಬಾವ್‌ಗುವೊ ಎಂಬ ಇನ್ನೊಬ್ಬ ಗುರುವಿಗೂ ಇದೇ ಗತಿಯಾಯಿತು. ಐವತ್ತು ವರ್ಷದ ಹವ್ಯಾಸಿಯೊಬ್ಬರ ಎದುರು ಅರೆ ನಿಮಿಷದಲ್ಲಿ ಮೂರು ಸಲ ಬಿದ್ದರು, ಮೂರನೇ ಸಲ ಏಳಲಿಲ್ಲ. ನನಗೆ ಅದನ್ನು ನೋಡಿ ನಗು ಬರಲಿಲ್ಲ. ಅಷ್ಟು ವಯಸ್ಸಾದವರು ತಮ್ಮ ಕಲೆಯನ್ನು ಮನಸಾರೆ ನಂಬಿದ್ದರು ಅನ್ನಿಸಿ ಸಂಕಟವಾಯಿತು.

ಆ ನಂಬಿಕೆ ಬಂದಿದ್ದು ಎಲ್ಲಿಂದ? ತೈ ಚಿಯಲ್ಲಿ ‘ತುಯ್ ಶೌ’ ಎಂಬ ಜೋಡಿ ಅಭ್ಯಾಸವಿದೆ, ಅಂದರೆ ಕೈಯಿಂದ ತಳ್ಳಾಡುವುದು. ಇಬ್ಬರೂ ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುತ್ತಾರೆ. ಎದುರಿನವನು ತಳ್ಳುತ್ತಾನೆ. ನೀವು ಎದುರು ತಳ್ಳದೆ ಸೊಂಟ ತಿರುಗಿಸಿ ಜಾಗ ಬಿಡುತ್ತೀರಿ. ತಳ್ಳಿದ ಭಾರ ಆತುಕೊಳ್ಳಲು ಏನೂ ಸಿಗದೆ ಅವನ ಹಿಮ್ಮಡಿ ಮೇಲೇಳುತ್ತದೆ. ಆ ಕ್ಷಣದಲ್ಲಿ ಅಂಗೈ ಇಟ್ಟು ಸ್ವಲ್ಪ ಒತ್ತಿದರೆ ಸಾಕು, ಎರಡು ಹೆಜ್ಜೆ ಆಚೆ ಹೋಗಿ ಬೀಳುತ್ತಾನೆ. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಕುಸ್ತಿಯವರೂ ಜೂಡೋದವರೂ ದಿನಾ ಮಾಡುವ ಕೆಲಸವೇ ಇದು.

ತೊಂದರೆ ಶುರುವಾಗುವುದು ಶಿಷ್ಯ ವಿನಯದಿಂದ ಬೀಳತೊಡಗಿದಾಗ. ಗುರುವಿನ ಕೈ ತಾಗುವ ಮೊದಲೇ ಹಿಂದಕ್ಕೆ ಹಾರುತ್ತಾನೆ. ಅವನನ್ನು ನೋಡಿ ಉಳಿದವರೂ ಹಾರುತ್ತಾರೆ. ಇಪ್ಪತ್ತು ವರ್ಷ ಹೀಗೇ ನಡೆದರೆ ತನ್ನ ಕೈಯಲ್ಲಿ ಏನೋ ಶಕ್ತಿ ಇದೆ ಅಂತ ಗುರುವಿಗೂ ಅನ್ನಿಸುತ್ತದೆ, ಅಲ್ವಾ? ಹಟ ಹಿಡಿದು ಬೀಳದೆ ನಿಲ್ಲುವ ಒಬ್ಬನೂ ಅವರಿಗೆ ಸಿಕ್ಕಿರುವುದಿಲ್ಲ. ಗರಡಿಯಲ್ಲಿ ಬರೀ ಸಾಮು ತೆಗೆದು ಕುಸ್ತಿಯ ಅಖಾಡಕ್ಕೆ ಇಳಿಯದವನನ್ನು ಯಾರೂ ಪೈಲ್ವಾನ ಅನ್ನುವುದಿಲ್ಲ. ಇಲ್ಲೂ ಲೆಕ್ಕ ಅದೇ. 1882ರಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ ಇದನ್ನು ಚೆನ್ನಾಗಿ ಅರಿತಿದ್ದರು. ಜೀವಕ್ಕೆ ಅಪಾಯವಾಗುವ ಪಟ್ಟುಗಳನ್ನು ಪಕ್ಕಕ್ಕಿಟ್ಟು, ಉಳಿದವನ್ನು ಪೂರ್ತಿ ಬಲ ಹಾಕಿ ಸೆಣಸುತ್ತಲೇ ಕಲಿಸಿದರು.

ಹಾಗಂತ ತೈ ಚಿಯೇ ಟೊಳ್ಳು ಅನ್ನಬೇಡಿ. ಇದು ಬೆಳೆದದ್ದು ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ, ಹೊಡೆದಾಟಕ್ಕೆಂದೇ. ಅಲ್ಲಿ ಕಲಿತ ಯಾಂಗ್ ಲೂಚಾನ್ 19ನೇ ಶತಮಾನದಲ್ಲಿ ಬೀಜಿಂಗ್‌ಗೆ ಹೋಗಿ ಕಲಿಸಿದರು. ಅವರನ್ನು ಜನ ‘ಸೋಲಿಲ್ಲದ ಯಾಂಗ್’ ಎಂದೇ ಕರೆಯುತ್ತಿದ್ದರು. ಇವತ್ತು ಪಾರ್ಕುಗಳಲ್ಲಿ ಜಾಸ್ತಿ ಕಾಣುವ 24 ಚಲನೆಗಳ ಸರಣಿ ಬೇರೆ. ಅದನ್ನು 1956ರಲ್ಲಿ ಚೀನಾ ಸರ್ಕಾರ ಜನರ ಆರೋಗ್ಯಕ್ಕೆಂದು ಕಟ್ಟಿಸಿತು. ಗುದ್ದು ತಡೆಯಲಿ ಅಂತ ಅದನ್ನು ಮಾಡಿದ್ದಲ್ಲ.

1954ರ ಜನವರಿಯಲ್ಲಿ ಮಕಾವ್‌ನಲ್ಲಿ ನಡೆದ ಪಂದ್ಯದ ಫಿಲ್ಮ್ ಇದೆ, ಅದನ್ನೂ ನೋಡಿ. 53 ವರ್ಷದ ತೈ ಚಿ ಗುರು ವು ಗೊಂಗ್‌ಯಿ, ಎದುರಿಗೆ ವಯಸ್ಸಿನಲ್ಲಿ ತುಂಬಾ ಚಿಕ್ಕವರಾದ, ಶ್ವೇತ ಕೊಕ್ಕರೆ ಎಂಬ ಇನ್ನೊಂದು ಚೀನೀ ಹೊಡೆದಾಟದ ಶೈಲಿಯ ಚಾನ್ ಹಾಕ್‌ಫು. ಗೆದ್ದವರು ಯಾರೂ ಇಲ್ಲದೆ ಪಂದ್ಯ ನಿಂತಿತು. ವು ಓಡಲಿಲ್ಲ, ಬೀಳಲಿಲ್ಲ, ಚಾನ್ ಅವರ ಮೂಗಿನಿಂದ ರಕ್ತ ಬರಿಸಿದರು. ಆದರೆ ಇಬ್ಬರಲ್ಲೂ ಆ ಚಂದದ ನಿಲುವುಗಳು ಒಂದೂ ಕಾಣುವುದಿಲ್ಲ. ಕೈ ಬೀಸಾಟ, ಎಳೆದಾಟ, ಅಷ್ಟೇ. ನಿಜವಾದ ಪೆಟ್ಟು ಬೀಳುವಾಗ ಯಾವ ಕಲೆಯಾದರೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ.

ಆರೋಗ್ಯಕ್ಕೆ ಮಾಡುತ್ತಿದ್ದರೆ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಮುಂದುವರಿಸಿ. ಅಮೆರಿಕದ ಓರೆಗಾನ್‌ನಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಮಾಡಿದವರು ಕಡಿಮೆ ಬಿದ್ದರು.

ಹೊಡೆದಾಟಕ್ಕೇ ಬೇಕು ಅಂದರೆ ನಿಮ್ಮ ಗುರುಗಳನ್ನು ಕೇಳಿ: ‘ನಾನು ಬೀಳಲ್ಲ ಅಂತ ಬಲ ಹಾಕಿ ನಿಂತರೆ, ಗ್ಲೌಸ್ ಹಾಕಿ ಮುಖಕ್ಕೆ ಗುದ್ದಲು ಬಂದರೆ, ನಮ್ಮಲ್ಲಿ ಅಭ್ಯಾಸ ಮಾಡಿಸ್ತೀರಾ?’ ಹೂಂ ಅಂದರೆ ಅಲ್ಲೇ ಇರಿ. ‘ನಮ್ಮ ವಿದ್ಯೆ ತುಂಬಾ ಅಪಾಯಕಾರಿ, ಅದಕ್ಕೇ ಸೆಣಸಲ್ಲ’ ಅಂದರೆ, ವಾರಕ್ಕೆ ಎರಡು ದಿನ ಬಾಕ್ಸಿಂಗ್‌ಗೋ ಜೂಡೋಗೋ ಸೇರಿಕೊಳ್ಳಿ. ಬೆಳಗ್ಗಿನ ತೈ ಚಿ ಬಿಡಬೇಡಿ. ಅಲ್ಲಿ ಕಲಿತ ಸೊಂಟದ ತಿರುವು ಜೂಡೋ ಚಾಪೆಯ ಮೇಲೆ ಖಂಡಿತ ಕೈಹಿಡಿಯುತ್ತದೆ.