ಮಡಿಲಲ್ಲಿ ಕೂರಿಸಿಕೊಂಡು ಜಾರುವ ಮುನ್ನ

ಗೇಮ್ ಯಂತ್ರಗಳೂ ಜಾರುಬಂಡೆಗಳೂ ಒಂದೇ ಸೂರಿನಡಿ ಇರುವ ಆಟದ ಕೇಂದ್ರಗಳಿಂದ ಎರಡು–ಮೂರು ವರ್ಷದ ಮಗುವನ್ನು ಎತ್ತಿಕೊಂಡು ನೇರವಾಗಿ ನನ್ನ ಬಳಿ ಬರುವ ತಂದೆತಾಯಿಗಳ ಮೊದಲ ಮಾತು ಸಾಮಾನ್ಯವಾಗಿ "ನಾವು ಪಕ್ಕದಲ್ಲೇ ಇದ್ದೆವು ಡಾಕ್ಟರೇ" ಎಂಬುದಾಗಿರುತ್ತದೆ. ಅವರು ಹೇಳುವುದು ನಿಜವೇ. ಮಗುವಿಗೆ ನೆರವಾಗಲೆಂದು ದೊಡ್ಡವರು ಆಟದೊಳಗೆ ಇಳಿದದ್ದರಿಂದಲೇ ಆದ ಪೆಟ್ಟುಗಳನ್ನು ನಾವು ಮಕ್ಕಳ ವೈದ್ಯರು ಆಗಾಗ ನೋಡುತ್ತೇವೆ.

ಜಾರುಬಂಡೆಯನ್ನೇ ತೆಗೆದುಕೊಳ್ಳಿ. ಒಂಟಿಯಾಗಿ ಜಾರುವ ಮಗುವಿನ ಪಾದ ಬದಿಯಂಚಿಗೆ ತಾಗಿದರೆ ಅದರ ಹತ್ತು ಹನ್ನೆರಡು ಕಿಲೋ ತೂಕ ಅಲ್ಲಿಗೇ ತಡೆದು ನಿಲ್ಲುತ್ತದೆ. ಅದೇ ಮಗು ದೊಡ್ಡವರ ಮಡಿಲಲ್ಲಿದ್ದರೆ, ಪಾದ ಸಿಕ್ಕಿಕೊಂಡ ಮೇಲೂ ಹಿಂದಿನ ಅರವತ್ತು ಎಪ್ಪತ್ತು ಕಿಲೋ ಭಾರ ಕೆಳಕ್ಕೆ ಜಾರುತ್ತಲೇ ಇರುವುದರಿಂದ, ಕಾಲು ತಿರುಚಿ ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಡುತ್ತದೆ. ಊತ ಹೆಚ್ಚಿರುವುದಿಲ್ಲ, ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಮಗು ಆ ಕಾಲನ್ನು ಊರಲು ಒಪ್ಪದಿದ್ದರೆ ಅದಷ್ಟೇ ಸಾಕು, ವೈದ್ಯರಿಗೆ ತೋರಿಸಬೇಕು. ಒಂಟಿಯಾಗಿ ಜಾರಲು ಹೆದರುವ ಮಗುವಿಗೆ ಆ ಜಾರುಬಂಡೆ ಇನ್ನೂ ದೊಡ್ಡದಾಯಿತೆಂದೇ ಅರ್ಥ.

ಟ್ರ್ಯಾಂಪೊಲಿನ್‌ನಲ್ಲಿಯೂ ಇದೇ ಲೆಕ್ಕ. ಅಲ್ಲಿನ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕಿಂತ ಹೆಚ್ಚು ಜನ ಒಟ್ಟಿಗೆ ಕುಣಿಯುವಾಗ ಆಗುವಂಥವು, ಮತ್ತು ಪೆಟ್ಟು ತಿನ್ನುವುದು ಹೆಚ್ಚಾಗಿ ಅವರಲ್ಲಿ ಹಗುರವಾದವರು. ಅಪ್ಪ ಕುಣಿದು ಹಾಸಿನ ಮೇಲೆ ಇಳಿದೊಡನೆ ಮೇಲಕ್ಕೆ ಚಿಮ್ಮುವ ಆ ಹಾಸು ಮಗುವಿನ ಕಾಲಿಗೆ ಗಟ್ಟಿ ನೆಲದಂತೆ ಬಡಿಯುತ್ತದೆ. ಆರು ವರ್ಷ ತುಂಬುವವರೆಗೆ ಟ್ರ್ಯಾಂಪೊಲಿನ್ ಬೇಡವೆಂದೇ ನಾನು ಹೇಳುತ್ತೇನೆ. ಈ ಮಾತಿನಿಂದ ಮನೆಯವರಿಗೆ ಸಂತೋಷವಾದದ್ದನ್ನು ನಾನು ಕಂಡಿಲ್ಲ.

ಮೂರನೆಯ ಪೆಟ್ಟು ಹೊರಡುವ ಹೊತ್ತಿನದು. ಬರಲೊಲ್ಲದೆ ನೆಲಕ್ಕೆ ಕುಸಿಯುವ ಮಗುವನ್ನು ಒಂದು ಕೈ ಹಿಡಿದು ಎಳೆದಾಗ, ಮೊಣಕೈಯಲ್ಲಿ ಮುಂಗೈ ಮೂಳೆಯ ತುದಿಯನ್ನು ಸುತ್ತಿ ಹಿಡಿದಿರುವ ಎಳೆಯ ರಜ್ಜು ಜಾರಿ ಕೀಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಮಗು ಆ ಕೈಯನ್ನು ಎತ್ತದೆ ಇಳಿಬಿಟ್ಟಿರುತ್ತದೆ. ವೈದ್ಯರು ಕ್ಷಣದಲ್ಲಿ ಸರಿಪಡಿಸಬಲ್ಲರು, ಆದರೆ ಮನೆಯಲ್ಲಿ ತಿರುಚಿ ನೋಡುವುದು ಖಂಡಿತ ಕೂಡದು. ಎತ್ತಲೇಬೇಕಾದರೆ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಬೇಕು.

ಆ ರಂಪವನ್ನು ಬರೀ ಹಟವೆನ್ನಲಾರೆ. ಯಂತ್ರಗಳ ಸದ್ದು, ಮಿನುಗುವ ದೀಪಗಳು, ಯಾವಾಗ ಸಿಗುತ್ತದೋ ತಿಳಿಯದ ಬಹುಮಾನ ಇವೆಲ್ಲ ಸೇರಿ ಮಗುವನ್ನು ಒಳಗೊಳಗೇ ದಣಿಸಿರುತ್ತವೆ. ಸದ್ದಿನಿಂದ ಕಿವಿಗೂ ಹಾನಿಯಿದೆ: ಕೆಲಸದ ಸ್ಥಳಗಳಲ್ಲಿ ದೊಡ್ಡವರಿಗೆ ಹೇಳುವ ಸದ್ದಿನ ಮಿತಿ 85 ಡೆಸಿಬಲ್‌ನಲ್ಲಿ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುವುದರಿಂದ 94 ಡೆಸಿಬಲ್‌ಗೆ ಉಳಿಯುವುದು ಒಂದೇ ಗಂಟೆ. ಎಳೆಯ ಕಿವಿಗೆ ಇದಕ್ಕಿಂತಲೂ ಕಡಿಮೆ ಇರಲಿ. ತೋಳಳತೆಯ ದೂರದಲ್ಲಿರುವವರೊಂದಿಗೆ ಮಾತನಾಡಲು ದನಿ ಏರಿಸಬೇಕಾದರೆ ಅಲ್ಲಿಂದ ಸರಿಯುವುದು ಲೇಸು. ಬಾಗಿಲು ತೆರೆದ ಹೊತ್ತಿಗೇ ಹೋಗಿ, ಸುಮಾರು ಒಂದು ಗಂಟೆಯಲ್ಲಿ, ಮಗು ಇನ್ನೂ ನಗುತ್ತಿರುವಾಗಲೇ ಹೊರಟರೆ ಎಳೆದಾಡುವ ಪ್ರಸಂಗವೇ ಬಾರದಿರಬಹುದು. ತಿನ್ನುವ ಮುನ್ನ ಕೈಯನ್ನು ಸೋಪು ಹಾಕಿಯೇ ತೊಳೆಸಿ. ವಾಂತಿಭೇದಿ ತರುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಕೊನೆಯದಾಗಿ, ಗೆದ್ದು ತಂದ ಬಹುಮಾನ. ಮಿನುಗುವ ಆಟಿಕೆಯಾದರೆ ಅದರ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ಮಗುವಿನ ಕೈಗೆ ಕೊಡುವ ಮೊದಲೇ ನೋಡಿ, ಇಲ್ಲದಿದ್ದರೆ ಕೊಡಲೇಬೇಡಿ. ನುಂಗಿದ ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮಲದಲ್ಲಿ ಬರಲೆಂದು ಕಾಯದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.